ಸಂಡೂರಿನ ಗುಡ್ಡದಲ್ಲಿ ಮರ ಎಣಿಸಿದ್ದು

ಬಳ್ಳಾರಿ ಅಂದ ಕೂಡಲೇ ಜನರಿಗೆ ನೆನಪಾಗುವುದು ಬಿಸಿಲು, ಕಲ್ಲುಗುಡ್ಡ, ಗಣಿ. ಕಾಡು ಅಂದರೆ ಕೊಡಗು, ಆಗುಂಬೆ, ದಾಂಡೇಲಿ. ಸಂಡೂರಿನ ಗುಡ್ಡಗಳಲ್ಲೂ ಕಾಡಿದೆ ಅಂದರೆ ನಮ್ಮ ಊರಿನವರೇ ‘ಅದು ಬರೀ ಕುರುಚಲು’ ಅಂತಾರೆ. ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಈ ಗುಡ್ಡಗಳನ್ನೇ ಆರಿಸಿಕೊಂಡೆ. ಇಲ್ಲಿ ಯಾವ ಯಾವ ಜಾತಿಯ ಮರಗಳಿವೆ, ಯಾವುದು ಎಷ್ಟಿದೆ, ಒಂದು ಇಳಿಜಾರಿನಿಂದ ಇನ್ನೊಂದಕ್ಕೆ ಹೋದರೆ ಆ ಲೆಕ್ಕ ಹೇಗೆ ಬದಲಾಗುತ್ತೆ ಅನ್ನುವುದೇ ವಿಷಯ. ಈ ಕೆಲಸ ಹೇಗೆ ನಡೆಯುತ್ತೆ ಅಂತ ಕನ್ನಡದಲ್ಲಿ ಬರೆದದ್ದು ನಾನು ಹುಡುಕಿದಾಗ ಸಿಗಲಿಲ್ಲ. ಮುಂದೆ ಮಾಡುವವರಿಗೆ ಬೇಕಾಗುತ್ತೆ ಅಂತ ಬರೆಯುತ್ತಿದ್ದೇನೆ.

ಅರಣ್ಯ ಇಲಾಖೆಯ ಅನುಮತಿ ಬೇಕು. ಅರ್ಜಿ, ಕಾಲೇಜಿನ ಪತ್ರ, ನಕ್ಷೆ ಎಲ್ಲ ಕೊಟ್ಟು ಕಾಯಬೇಕು. ಅದು ಬಂದ ಮೇಲೆ ಫಾರೆಸ್ಟ್ ಗಾರ್ಡ್ ಒಬ್ಬರು ಜೊತೆಗೆ ಬರುತ್ತಿದ್ದರು. ಕರಡಿ ಓಡಾಡುವ ಜಾಗ, ಒಬ್ಬೊಬ್ಬರೇ ಹೋಗುವಂತಿಲ್ಲ.

ಕಾಡಿನ ಎಲ್ಲಾ ಮರ ಎಣಿಸಲು ಆಗುವುದಿಲ್ಲ. ಅಲ್ಲಲ್ಲಿ ಚೌಕ ಹಾಕಿ ಅದರೊಳಗಿನ ಪ್ರತಿ ಮರವನ್ನೂ ಅಳೆಯುತ್ತಾರೆ. ನಮ್ಮದು 20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕ. ಇಂಥ 25 ಸೇರಿದರೆ ಒಂದು ಹೆಕ್ಟೇರ್. ಕೇಳಲು ಸುಲಭ, ಆದರೆ ಗುಡ್ಡದ ಮೇಲೆ ಚೌಕ ಹಾಕಿ ನೋಡಿದರೆ ಗೊತ್ತಾಗುತ್ತೆ. ಮೂಲೆ ಸರಿಯಾಗಿ ಕೂರಬೇಕು. ಗೌಂಡಿಗಳು ಪಾಯಕ್ಕೆ ದಾರ ಕಟ್ಟುವಾಗ 3, 4, 5ರ ಲೆಕ್ಕದಲ್ಲಿ ಮೂಲೆಮಟ್ಟ ನೋಡುತ್ತಾರಲ್ಲ, ನಾವೂ ಅದನ್ನೇ ಮಾಡಿದೆವು. ಕೊನೆಗೆ ಕರ್ಣ 28.28 ಮೀಟರ್ ಬಂತಾ ಅಂತ ನೋಡಿದರೆ ಆಯಿತು. ಇಳಿಜಾರಿನದು ಬೇರೆ ತಕರಾರು. ನಕ್ಷೆಯ ಮೇಲಿನ 20 ಮೀಟರ್ ಬೇಕು ಅಂದರೆ 30 ಡಿಗ್ರಿ ಇಳಿಜಾರಿನಲ್ಲಿ ಟೇಪನ್ನು ಸುಮಾರು 23.1 ಮೀಟರ್ ಎಳೆಯಬೇಕು. ಇದನ್ನು ಬಿಟ್ಟರೆ ಇಳಿಜಾರಿನ ಕಾಡಿನಲ್ಲಿ ಮರ ಕಡಿಮೆ ಇದ್ದ ಹಾಗೆ ಕಾಣುತ್ತೆ. ಸಂಡೂರಿನಲ್ಲಿ ಸಮತಟ್ಟು ನೆಲವೇ ಅಪರೂಪ, ಹಾಗಾಗಿ ಈ ಲೆಕ್ಕ ಪ್ರತಿ ಚೌಕಕ್ಕೂ ಮಾಡಲೇಬೇಕಿತ್ತು.

ಯಾವುದನ್ನು ಮರ ಅಂತ ಎಣಿಸಬೇಕು? ನಮ್ಮಲ್ಲಿ ಎದೆಮಟ್ಟದ ಸುತ್ತಳತೆ ನೋಡುತ್ತಾರೆ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ. ಅಲ್ಲಿ 30 ಸೆಂ.ಮೀ. ಮೀರಿದ್ದರೆ ಮರ. ಅಷ್ಟು ಎತ್ತರದ ಒಂದು ಕೋಲು ಮಾಡಿಟ್ಟುಕೊಂಡರೆ ಕೆಲಸ ಬೇಗ ಸಾಗುತ್ತೆ. ಇಳಿಜಾರಿನಲ್ಲಿ ಕೋಲನ್ನು ಮೇಲಿನ ಬದಿಗೆ ಊರಬೇಕು.

ಈಗ ನಮ್ಮ ಕಡೆಯ ಕಾಡಿಗೇ ಸೇರಿದ ಒಂದು ವಿಚಾರ. ಮಳೆಕಾಡಿನ ಬಗ್ಗೆ ಬರೆದ ಕೈಪಿಡಿಗಳಲ್ಲಿ ಒಂದು ಮರಕ್ಕೆ ಒಂದು ಕಾಂಡ ಇರುತ್ತೆ. ಸಂಡೂರಿನಲ್ಲಿ ಹಾಗಿಲ್ಲ. ಸೌದೆಗೆ ಕಡಿದದ್ದು, ಬೆಂಕಿ ಬಿದ್ದದ್ದು, ಆಡು ಮೇಯ್ದದ್ದು, ಎಲ್ಲ ಆದ ಮೇಲೂ ಬುಡ ಬದುಕಿದೆ, ಅದೇ ಬುಡದಿಂದ ಮೂರೋ ಐದೋ ಕಾಂಡ ಎದ್ದಿವೆ. ಇದನ್ನು ಒಂದು ಮರ ಅನ್ನಬೇಕಾ, ಐದು ಅನ್ನಬೇಕಾ? ನಾವು ಬುಡ ಒಂದಾದರೆ ಮರ ಒಂದು ಅಂತ ಇಟ್ಟುಕೊಂಡು, ಕಾಂಡಗಳನ್ನು ಬೇರೆ ಬೇರೆ ಅಳೆದೆವು. ಸುತ್ತಳತೆಗಳನ್ನು ಕೂಡಿಸಬಾರದು, ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ಕೂಡಿಸಬೇಕು. 40 ಸೆಂ.ಮೀ. ಸುತ್ತಳತೆಯ ಒಂದು ಕಾಂಡದ ವಿಸ್ತೀರ್ಣ ಸುಮಾರು 127 ಚದರ ಸೆಂ.ಮೀ. ಮೂರು ಸೇರಿದರೆ 382. ಅದನ್ನೇ 120 ಸೆಂ.ಮೀ.ನ ಒಂದೇ ಕಾಂಡ ಅಂತ ಬರೆದರೆ 1146 ಬರುತ್ತೆ, ಅಂದರೆ ಮೂರು ಪಟ್ಟು. ಒಣಕಾಡಿನಲ್ಲಿ ಕೆಲಸ ಮಾಡುವವರು ಈ ನಿಯಮವನ್ನು ಮೊದಲ ದಿನವೇ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ರೀತಿ ಬರೆದು ಕೊನೆಗೆ ಯಾವುದನ್ನೂ ಹೋಲಿಸಲು ಆಗುವುದಿಲ್ಲ.

ಇನ್ನು ಗುರುತಿಸುವುದು. ನನಗೆ ಅತಿ ಇಷ್ಟವಾದ ಭಾಗ ಇದೇ. ಫೆಬ್ರವರಿಯಿಂದ ಬೇಸಿಗೆ ಮಳೆ ಬರುವ ತನಕ ಹೆಚ್ಚಿನ ಮರಗಳಲ್ಲಿ ಎಲೆಯೇ ಇರುವುದಿಲ್ಲ. ಎಲೆ ಇರುವಾಗ ಹೂವಿಲ್ಲ, ಹೂವಿರುವಾಗ ಎಲೆಯಿಲ್ಲ. ಹಾಗಾಗಿ ಒಂದೇ ಚೌಕಕ್ಕೆ ಬೇಸಿಗೆಯಲ್ಲೂ ಮಳೆಗಾಲದಲ್ಲೂ ಹೋಗಬೇಕು. ಬೇಸಿಗೆಯಲ್ಲಿ ತೊಗಟೆಯೇ ಗತಿ. ದಿಂಡಿಗದ ತೊಗಟೆ ನುಣುಪು, ಬೂದು ಬಿಳುಪು, ಚಕ್ಕೆ ಎದ್ದ ಕಡೆ ಸಣ್ಣ ಗುಳಿಗಳು. ತುಮರಿಯದು ಕಪ್ಪು, ಚೌಕ ಚೌಕವಾಗಿ ಒಡೆದಿರುತ್ತೆ. ಹುರಗಲು ದಪ್ಪ ತೊಗಟೆಯದು, ಮುಟ್ಟಿದರೆ ಬೆಂಡಿನ ಹಾಗೆ ಮೆತ್ತಗೆ. ಮಳೆಗಾಲದಲ್ಲಿ ಎಲೆ ಬಂದಾಗ ಎಲ್ಲ ಸಲೀಸು. ಕಮರಕ್ಕೆ ಜೋಡಿ ಎಲೆ, ಮುತ್ತುಗಕ್ಕೆ ಮೂರು ಎಲೆ, ತುಗ್ಗಲಿಗೆ ಅಕ್ಕಿ ಕಾಳಿಗಿಂತ ಸಣ್ಣ ಎಲೆಗಳು ಸಾಲುಸಾಲಾಗಿ.

ನಮ್ಮ ಜೊತೆ ಒಬ್ಬ ಆಡು ಕಾಯುವ ತಾತ ಸೇರಿಕೊಂಡರು. ಆಡು ಮೇಯಿಸಿಕೊಂಡೇ ಇಡೀ ಜೀವಮಾನ ಆ ಗುಡ್ಡಗಳಲ್ಲಿ ಓಡಾಡಿದವರು. ನಾವು ಕೊಂಬೆ ಹಿಡಿದು ಪುಸ್ತಕ ತಿರುಗಿಸುತ್ತಾ ಕೂತಿದ್ದರೆ ಅವರು ದೂರದಿಂದಲೇ ಹೇಳುತ್ತಿದ್ದರು, ‘ಅದು ಹುರಗಲ ಗಿಡ ಐತೆ ನೋಡವ್ವಾ, ಬಂಡಿಗೆ ಹಾಕ್ತಿದ್ರು.’ ತೊಗಟೆ ಸುಲಿದು ಮೂಸಿ ನೋಡುವುದು, ಉಗುರಿನಿಂದ ಗೀರಿ ಒಳಬಣ್ಣ ನೋಡುವುದು, ಬಿದ್ದ ಬೀಜ ಹುಡುಕುವುದು ಎಲ್ಲ ಅವರೇ ಕಲಿಸಿಕೊಟ್ಟದ್ದು. ‘ತಾತಾ, ಈ ಪಕ್ಕದಾಗ ದಿಂಡಿಗ ತುಂಬೈತೆ, ಆ ಪಕ್ಕದಾಗ ಯಾಕಿಲ್ಲ?’ ಅಂದರೆ ‘ಅಲ್ಲಿ ಮಣ್ಣು ಎಲ್ಲೈತವ್ವಾ, ಬಿಸಿಲಿಗೆ ಕಲ್ಲು ಕಾಯ್ತದೆ’ ಅಂದರು. ಆಮೇಲೆ ನಾವು ಚೌಕ ಹಾಕಿ ಮಣ್ಣಿನ ಆಳ ಅಳೆದು ನೋಡಿದಾಗ ಅವರು ಹೇಳಿದ್ದೇ ಬಂತು. ಇಂಥವರ ಹತ್ತಿರ ಇರುವ ತಿಳಿವಳಿಕೆಯನ್ನು ಅವರಿರುವಾಗಲೇ ಬರೆದಿಟ್ಟುಕೊಳ್ಳಬೇಕು ಅಂತ ನನಗೆ ಬಲವಾಗಿ ಅನಿಸುತ್ತೆ.

ಅನುಮಾನ ಬಂದ ಕೊಂಬೆಗಳನ್ನು ಹಳೇ ಪೇಪರಿನಲ್ಲಿ ಒತ್ತಿಟ್ಟು, ದಿನಾ ಪೇಪರ್ ಬದಲಿಸಿ, ಒಣಗಿಸಿ ಊರಿಗೆ ತರುತ್ತಿದ್ದೆವು. ಬಳ್ಳಾರಿ 1953ರ ತನಕ ಮದ್ರಾಸಿನ ಕಡೆ ಇತ್ತಲ್ಲ, ಹಾಗಾಗಿ ನಮ್ಮ ಮರಗಳ ಹಳೆಯ ವಿವರ ಸಿಗುವುದು ಗ್ಯಾಂಬಲ್ ಅವರು 1915ರಲ್ಲಿ ಶುರುಮಾಡಿದ ಮದ್ರಾಸ್ ಪ್ರಾಂತ್ಯದ ಸಸ್ಯಗ್ರಂಥದಲ್ಲಿ. ಮೈಸೂರು ಸೀಮೆಯ ಪುಸ್ತಕ ಹಿಡಿದು ಹುಡುಕಿದರೆ ಪ್ರಯೋಜನವಿಲ್ಲ.

ಸರಿ, ಎಣಿಸಿದ ಮೇಲೆ ಏನು ಕಂಡಿತು?

ಬಳ್ಳಾರಿ ಊರಿನ ಸುತ್ತ ಗ್ರಾನೈಟ್ ಕಲ್ಲಿನ ಬೋಳುಗುಡ್ಡಗಳಿವೆ. ಅಲ್ಲಿ ಕಗ್ಗಲಿ, ತುಗ್ಗಲಿ, ಬಿಳಿಜಾಲಿ, ಸೀತಾಫಲ, ಬಾರಿ. ಬಂಡೆಯ ಮೇಲೆ ಬಿದ್ದ ಮಳೆ ನೀರೆಲ್ಲ ಜಾರಿ ಸಂದಿಗೆ ಹೋಗುತ್ತೆ, ಹಾಗಾಗಿ ಬಂಡೆ ಸಂದಿಯಲ್ಲಿ ಮಾತ್ರ ಆಲ, ಬಸರಿಯಂಥ ದೊಡ್ಡ ಮರ ನಿಂತಿರುತ್ತೆ. ಹತ್ತು ಹೆಜ್ಜೆ ಆಚೆ ಬಂದರೆ ಮುಳ್ಳುಪೊದೆ. ಸಿರುಗುಪ್ಪ, ರಾಯಚೂರು ಕಡೆಯ ಎರೆಭೂಮಿಗೆ ಹೋದರೆ ಹೊಲದ ಬದುವಿನ ಜಾಲಿ, ಬೇವು ಬಿಟ್ಟರೆ ಮರವೇ ಅಪರೂಪ. ಸಂಡೂರಿನ ಗುಡ್ಡ ಹತ್ತಿದರೆ ಬೇರೆಯೇ ಲೋಕ. ಕಬ್ಬಿಣದ ಕಲ್ಲಿನ ನೆತ್ತಿಯಲ್ಲಿ ಮಣ್ಣು ತೆಳು, ಮರ ಗಿಡ್ಡ, ಬಂದರಿಕೆ ಪೊದೆ ಜಾಸ್ತಿ. ಸ್ವಲ್ಪ ಕೆಳಗೆ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ದಿಂಡಿಗದ ರಾಜ್ಯ, ನಡುವೆ ತೇಗ, ಹೊನ್ನೆ, ತುಮರಿ, ನೆಲ್ಲಿ, ಕಕ್ಕೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಹೆಚ್ಚು, ಅಲ್ಲಿ ಹುರಗಲು, ಕಗ್ಗಲಿ ಮುಂದೆ ಬರುತ್ತವೆ. ಹಳ್ಳದ ಬದಿಗೆ ಇಳಿದರೆ ಹೊಂಗೆ, ನೇರಳೆ, ಹೊಳೆಮತ್ತಿ. ಮಳೆ ಎಲ್ಲಕ್ಕೂ ಒಂದೇ, ಬೆಟ್ಟವೂ ಒಂದೇ. ಆದರೂ ಕಣಿವೆಯ ಚೌಕದಲ್ಲಿದ್ದ ಮರಗಳನ್ನು ನೆತ್ತಿಯ ಚೌಕದಲ್ಲಿ ಹುಡುಕಿದರೆ ಹೆಚ್ಚಿನವು ಸಿಗುವುದೇ ಇಲ್ಲ.

ಈ ವ್ಯತ್ಯಾಸವನ್ನು ಅಂಕಿಯಲ್ಲಿ ಹೇಳಲು ಒಂದು ಸರಳ ದಾರಿ ಇದೆ. ಒಂದು ಕಡೆ 20 ಜಾತಿ, ಇನ್ನೊಂದು ಕಡೆ 16, ಎರಡರಲ್ಲೂ ಇರುವುದು 9 ಅಂತಿಟ್ಟುಕೊಳ್ಳಿ. 9ರ ಎರಡರಷ್ಟು 18, ಅದನ್ನು 20 ಮತ್ತು 16 ಕೂಡಿದ 36ರಿಂದ ಭಾಗಿಸಿದರೆ 0.5. ಒಂದು ಬಂದರೆ ಎರಡೂ ಪಟ್ಟಿ ಒಂದೇ, ಸೊನ್ನೆ ಬಂದರೆ ಒಂದು ಹೆಸರೂ ಹೊಂದುವುದಿಲ್ಲ. ಇದಕ್ಕೆ ಸೋರೆನ್ಸೆನ್ ಸೂಚ್ಯಂಕ ಅಂತಾರೆ. ಆದರೆ ನನಗೆ ಇದರಿಂದ ಸಮಾಧಾನ ಆಗಲಿಲ್ಲ. ಇದು ಹೆಸರು ಮಾತ್ರ ನೋಡುತ್ತೆ, ಎಷ್ಟಿದೆ ಅಂತ ನೋಡುವುದಿಲ್ಲ. ಒಂದು ಇಳಿಜಾರಿನಲ್ಲಿ ದಿಂಡಿಗ ನೂರು, ಕಗ್ಗಲಿ ಐದು. ಇನ್ನೊಂದರಲ್ಲಿ ಕಗ್ಗಲಿ ನೂರು, ದಿಂಡಿಗ ಐದು. ಪಟ್ಟಿಯ ಪ್ರಕಾರ ಇವೆರಡೂ ಒಂದೇ ಕಾಡು, ನೆರಳಲ್ಲಿ ನಿಂತವರಿಗೆ ಗೊತ್ತು ಅಲ್ಲ ಅಂತ. ಅದಕ್ಕೇ ಪ್ರತಿ ಜಾತಿಯ ಸಂಖ್ಯೆ ಎಷ್ಟು, ಎಷ್ಟು ಚೌಕಗಳಲ್ಲಿ ಸಿಕ್ಕಿತು, ಕಾಂಡದ ವಿಸ್ತೀರ್ಣ ಎಷ್ಟು, ಈ ಮೂರರ ಶೇಕಡಾ ಪಾಲು ಕೂಡಿಸಿ 300ಕ್ಕೆ ಲೆಕ್ಕ ಹಾಕುತ್ತಾರೆ. ಆಗ ಕಾಡಿನ ನಿಜವಾದ ಗುಣ ಕಾಣಿಸುತ್ತೆ.

ಹಾಗೆ ಲೆಕ್ಕ ಹಾಕಿದಾಗ ನಮ್ಮ ಗುಡ್ಡದಲ್ಲಿ ಮೂರ್ನಾಲ್ಕು ಜಾತಿಗಳೇ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿದಿದ್ದವು. ಉಳಿದ ಪಟ್ಟಿ ಉದ್ದ, ಆದರೆ ಒಂದೋ ಎರಡೋ ಮರ ಇದ್ದ ಜಾತಿಗಳೇ ಜಾಸ್ತಿ. ಒಣಕಾಡು ಬಡವಾದ್ದರಿಂದ ಹೀಗೆ ಅಂತ ನಾನು ಅಂದುಕೊಳ್ಳುವ ಹೊತ್ತಿಗೆ ನಮ್ಮ ಮೇಡಂ ಒಂದು ಸಂಶೋಧನೆಯನ್ನು ಓದಲು ಕೊಟ್ಟರು. 2024ರಲ್ಲಿ ಬಂದದ್ದು. ಅಮೆಜಾನ್, ಆಫ್ರಿಕಾ, ಆಗ್ನೇಯ ಏಷ್ಯಾದ ಮಳೆಕಾಡುಗಳ 1,500ಕ್ಕೂ ಹೆಚ್ಚು ಜಾಗಗಳ ಲೆಕ್ಕವನ್ನು ಒಟ್ಟಿಗೆ ನೋಡಿದ್ದಾರೆ. ಮೂರೂ ಕಡೆ ಶೇ. 2.2ರ ಆಸುಪಾಸಿನಷ್ಟು ಜಾತಿಗಳೇ ಅರ್ಧದಷ್ಟು ಮರಗಳು! ಜಾತಿಗಳು ಬೇರೆ, ಹವಾಮಾನದ ಇತಿಹಾಸ ಬೇರೆ, ಮನುಷ್ಯರು ಬಳಸಿದ ರೀತಿ ಬೇರೆ, ಆದರೆ ಅನುಪಾತ ಒಂದೇ. ಭೂಮಿಯ ಈ ಕಾಡುಗಳಲ್ಲಿರುವ ಸುಮಾರು 80,000 ಕೋಟಿ ಮರಗಳಲ್ಲಿ ಅರ್ಧ ಕೇವಲ 1,053 ಜಾತಿಗಳಿಗೆ ಸೇರಿದವು ಅಂತ ಅವರ ಅಂದಾಜು. ಅಮೆಜಾನಿನ ಬಗ್ಗೆ 2013ರಲ್ಲೇ ಇಂಥದ್ದೊಂದು ಲೆಕ್ಕ ಬಂದಿತ್ತು. ಅಲ್ಲಿ ಸುಮಾರು 16,000 ಜಾತಿಗಳಿರಬಹುದು, ಅದರಲ್ಲಿ 227 ಜಾತಿಗಳೇ ಅರ್ಧ ಮರಗಳು. ಇದನ್ನು ಓದಿದ ಮೇಲೆ ಸಂಡೂರಿನ ಪಟ್ಟಿಯನ್ನು ಬೇರೆ ಕಣ್ಣಿನಿಂದ ನೋಡಿದೆ. ಕೆಲವೇ ಜಾತಿ ಹೆಚ್ಚಿರುವುದು ಕಾಡು ಕೆಟ್ಟಿದೆ ಅನ್ನುವುದಕ್ಕೆ ಗುರುತಲ್ಲ. ಉಷ್ಣವಲಯದ ಶ್ರೀಮಂತ ಕಾಡುಗಳೂ ಹೀಗೇ ಇವೆ.

ಹಾಗಂತ ವ್ಯತ್ಯಾಸ ಇಲ್ಲ ಅಂತಲ್ಲ, ದೊಡ್ಡದೇ ಇದೆ. ಈಕ್ವೆಡಾರ್ ದೇಶದ ಯಾಸುನಿಯಲ್ಲಿ ಬರೀ 25 ಹೆಕ್ಟೇರಿನಲ್ಲಿ 1,100ಕ್ಕೂ ಹೆಚ್ಚು ಜಾತಿಯ ಮರಗಳು ಸಿಕ್ಕಿವೆ. ಮಲೇಷ್ಯಾದ ಪಾಸೊ ಕಾಡಿನ 50 ಹೆಕ್ಟೇರಿನಲ್ಲಿ 800ಕ್ಕೂ ಹೆಚ್ಚು. ಪನಾಮಾದ ಬ್ಯಾರೊ ಕೊಲರಾಡೊ ದ್ವೀಪದ ಅಷ್ಟೇ ಜಾಗದಲ್ಲಿ ಸುಮಾರು 300. ನಮಗೆ ಹತ್ತಿರದ ಮುದುಮಲೈಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಗುರುತು ಮಾಡಿದ 50 ಹೆಕ್ಟೇರಿನಲ್ಲಿ ಸುಮಾರು 70. ಮುದುಮಲೈಯಲ್ಲಿ ಹೆಚ್ಚಾಗಿರುವ ಮರಗಳಲ್ಲಿ ನಮ್ಮ ದಿಂಡಿಗವೂ ಒಂದು. ಅದನ್ನು ಓದಿ ತುಂಬ ಖುಷಿಯಾಯಿತು!

ಯಾಕೆ ಇಷ್ಟು ವ್ಯತ್ಯಾಸ? ಮಳೆ ಎಷ್ಟು ಅನ್ನುವುದಕ್ಕಿಂತ ಮಳೆಯಿಲ್ಲದ ತಿಂಗಳು ಎಷ್ಟು ಅನ್ನುವುದು ಮುಖ್ಯ. ಪಶ್ಚಿಮ ಘಟ್ಟದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಬಂದ ಹಾಗೆ ಒಣ ತಿಂಗಳು ಹೆಚ್ಚುತ್ತವೆ, ಮರಗಳ ಜಾತಿಗಳೂ ಒಂದೊಂದಾಗಿ ಬದಲಾಗುತ್ತವೆ ಅಂತ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಪ್ಯಾಸ್ಕಲ್ 1980ರ ದಶಕದಲ್ಲಿ ನಕ್ಷೆ ಮಾಡಿ ತೋರಿಸಿದ್ದರು. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ನಮಗೆ 600ರ ಆಸುಪಾಸು. ಆರೇಳು ತಿಂಗಳು ನೀರಿಲ್ಲದೆ ನಿಲ್ಲಬಲ್ಲ ಮರ ಮಾತ್ರ ಇಲ್ಲಿ ಬದುಕುತ್ತೆ, ಹಾಗಾಗಿ ಪಟ್ಟಿ ಚಿಕ್ಕದು.

ಎರಡನೆಯದು ವಂಶ. ಆಗ್ನೇಯ ಏಷ್ಯಾದ ಮಳೆಕಾಡಿನಲ್ಲಿ ಡಿಪ್ಟೆರೊಕಾರ್ಪ್ ಅನ್ನುವ ಕುಟುಂಬದ್ದೇ ಮೇಲುಗೈ. ನಮ್ಮ ಘಟ್ಟದ ಧೂಪದ ಮರ ಆ ಕುಟುಂಬದ್ದೇ. ಒಣಕಾಡಿಗೆ ಬಂದರೆ ದ್ವಿದಳ ಕುಟುಂಬ, ಅಂದರೆ ತೊಗರಿ, ಹುರುಳಿಯ ಬಳಗ. ಕಗ್ಗಲಿ, ತುಗ್ಗಲಿ, ಕಮರ, ಹೊನ್ನೆ, ಮುತ್ತುಗ, ಕಕ್ಕೆ, ಹೊಂಗೆ ಎಲ್ಲ ಇದೇ ಬಳಗ. ಮಧ್ಯ ಅಮೆರಿಕದ ಒಣಕಾಡುಗಳಲ್ಲೂ ಇದೇ ಕುಟುಂಬ ಹೆಚ್ಚು. ಸಣ್ಣ ಸಣ್ಣ ಎಲೆ, ಬೇಡದಾಗ ಉದುರಿಸಿಬಿಡುವ ಗುಣ, ಕೆಲವಕ್ಕೆ ಬೇರುಗಂಟಿನಲ್ಲಿ ಸಾರಜನಕ ಹಿಡಿದಿಡುವ ಶಕ್ತಿ. ಬಿಸಿಲುನಾಡಿಗೆ ಇದಕ್ಕಿಂತ ಬೇಕಾ?

ಮೂರನೆಯದು ಬೀಜ ಹೋಗುವ ದಾರಿ. ಮಳೆಕಾಡಿನ ಮರಗಳಲ್ಲಿ ಹೆಚ್ಚಿನವು ಹಣ್ಣು ಬಿಟ್ಟು ಹಕ್ಕಿ, ಮಂಗಗಳಿಗೆ ಕೊಡುತ್ತವೆ. ಇಲ್ಲಿ ದಿಂಡಿಗ, ಕಮರ, ಹುರಗಲು, ಹೊನ್ನೆ, ಎಲ್ಲಕ್ಕೂ ರೆಕ್ಕೆ ಇದೆ. ಬೇಸಿಗೆಯ ಗಾಳಿಗೆ ಹಾರುತ್ತವೆ. ಬಾರಿ, ಕಕ್ಕೆಯಂಥವನ್ನು ಕರಡಿ ತಿಂದು ಹರಡುತ್ತೆ. ದರೋಜಿ ಕರಡಿಧಾಮ 1994ರಿಂದ ಇದೆ. ಅದರಿಂದ ಉಳಿಯುವುದು ಕರಡಿ ಮಾತ್ರ ಅಲ್ಲ, ಅದರ ಹೊಟ್ಟೆಯಲ್ಲಿ ಹೋಗುವ ಬೀಜಗಳೂ.

ಇದೆಲ್ಲ ತಿಳಿದು ಏನು ಮಾಡಬೇಕು ಅಂತ ಕೇಳುವವರಿದ್ದಾರೆ. ನನ್ನ ಪ್ರಕಾರ ತುಂಬ ಮಾಡಬೇಕಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಶುರು ಮಾಡಲು ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಬೇಕು ಅಂತ ಆಯಿತು. ಗಿಡ ನೆಡುವುದು ಅದರಲ್ಲೊಂದು. ಒಳ್ಳೆಯದೇ. ಆದರೆ ನಾನು ನೋಡಿದ ಕೆಲವು ನೆಡುತೋಪುಗಳಲ್ಲಿ ನೆತ್ತಿಯಲ್ಲೂ, ಇಳಿಜಾರಿನಲ್ಲೂ, ತಪ್ಪಲಲ್ಲೂ ಅದದೇ ಗಿಡ. ಹೊಂಗೆ, ಬೇವು, ಗ್ಲಿರಿಸಿಡಿಯಾ, ಅಕೇಶಿಯಾ. ಹೊಂಗೆ ಒಳ್ಳೆ ಮರ, ಅದು ಹಳ್ಳದ ಬದಿಯ ಮರ. ಅದನ್ನು ಕಬ್ಬಿಣದ ಕಲ್ಲಿನ ನೆತ್ತಿಯಲ್ಲಿ ಸಾಲಾಗಿ ಇಟ್ಟು ಹೆಕ್ಟೇರಿಗೆ ಇಷ್ಟು ಸಸಿ ಅಂತ ಬರೆದುಕೊಂಡರೆ ಅಲ್ಲಿದ್ದ ಕಾಡು ವಾಪಸ್ ಬಂದ ಹಾಗಲ್ಲ. ಸಸಿಗಳ ಸಂಖ್ಯೆ ಒಂದೇ ಅಳತೆ ಆಗಬಾರದು. ಯಾವ ಜಾತಿ, ಎಷ್ಟು ಪಾಲು, ಯಾವ ಇಳಿಜಾರು, ಇದನ್ನೂ ಕೇಳಬೇಕು. ಪಕ್ಕದಲ್ಲೇ ಉಳಿದಿರುವ ಕಾಡಿನಲ್ಲಿ ಚೌಕ ಹಾಕಿ ಎಣಿಸಿದರೆ ಉತ್ತರ ಸಿಗುತ್ತೆ, ದೂರ ಹೋಗುವುದೇ ಬೇಡ.

ನರ್ಸರಿಯವರ ಕಷ್ಟವೂ ನಿಜ. ದಿಂಡಿಗ ಯಾಕೆ ಬೆಳೆಸುವುದಿಲ್ಲ ಅಂತ ಒಬ್ಬರನ್ನು ಕೇಳಿದೆ. ‘ಬೀಜ ರಾಶಿ ಬರ್ತದ ಮೇಡಂ, ಮೊಳಕೆ ಬರಲ್ಲ’ ಅಂದರು. ಸರಿಯಾದ ಮಾತು. ದಿಂಡಿಗದ ಬೀಜಗಳಲ್ಲಿ ಹೆಚ್ಚಿನವು ಜೊಳ್ಳು, ಮೊಳೆಯುವುದು ತೀರಾ ಕಡಿಮೆ. ಕಮರ ಎಲ್ಲಾ ವರ್ಷ ಚೆನ್ನಾಗಿ ಬೀಜ ಕಟ್ಟುವುದಿಲ್ಲ, ಕೆಲವು ವರ್ಷಕ್ಕೊಮ್ಮೆ ಹುಲುಸಾಗಿ ಬರುತ್ತೆ. ಆ ವರ್ಷ ತಪ್ಪಿದರೆ ಕಾಯಬೇಕು. ಹೊಂಗೆ, ಬೇವಿನ ಬೀಜ ಹಾಗಲ್ಲ, ಸುಮ್ನೆ ಊರಿದರೂ ಬರುತ್ತೆ. ಹೀಗೆ ಸುಲಭವಾಗಿ ಮೊಳೆಯುವುದೇ ಗುಡ್ಡದ ತುಂಬ ಹೋಗಿ ನಿಲ್ಲುತ್ತೆ. ದಿಂಡಿಗಕ್ಕೆ ನನಗೆ ತೋಚುವ ದಾರಿ, ಬುಡ ಇನ್ನೂ ಬದುಕಿರುವ ಕಡೆ ಹೊಸದಾಗಿ ಗುಂಡಿ ತೋಡದೆ, ಬೆಂಕಿ ಮತ್ತು ಕೊಡಲಿ ಬೀಳದ ಹಾಗೆ ಕೆಲವು ವರ್ಷ ಕಾಯುವುದು. ಬುಡದಿಂದ ಚಿಗುರುವ ಶಕ್ತಿ ಅದಕ್ಕಿದೆ, ನಮ್ಮ ಚೌಕಗಳಲ್ಲಿದ್ದ ಎಷ್ಟೋ ದಿಂಡಿಗಗಳು ಹಾಗೇ ಎದ್ದವು. ಆಡು ಮೇಯಿಸುವವರನ್ನು ಹೊರಗೆ ಹಾಕಿ ಇದನ್ನು ಮಾಡುವುದು ನನಗೆ ಒಪ್ಪಿಗೆ ಇಲ್ಲ. ಯಾವ ಪಕ್ಕ ಯಾವ ವರ್ಷ ಬಿಡಬೇಕು ಅಂತ ಅವರ ಜೊತೆ ಕೂತು ಮಾತಾಡಿದರೆ ಆಗುತ್ತೆ.

ಈಗ ಕಮರದ ಬೀಜ ಕೂಡಿಡುವ ಕೆಲಸ ಶುರು ಮಾಡಿದ್ದೇವೆ. ಬೇಸಿಗೆ ಏರುವ ಹೊತ್ತಿಗೆ ಕಾಯಿ ಒಣಗಿ ಹಾರಲು ಶುರುವಾಗುತ್ತೆ, ಅಷ್ಟರೊಳಗೆ ಮರದ ಹತ್ತಿರ ಇರಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಲಿಂಗಸುಗೂರು ಕಡೆಯ ಗುಡ್ಡಗಳಲ್ಲಿ ಕಮರದ ಹಳೆ ಮರಗಳು ಇರುವ ಜಾಗ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಊರಿನ ಹೆಸರು, ಗುಡ್ಡದ ಯಾವ ಪಕ್ಕ, ಈ ವರ್ಷ ಕಾಯಿ ಕಟ್ಟಿದೆಯಾ, ಇಷ್ಟು ಗೊತ್ತಾದರೆ ಸಾಕು, ನಾವೇ ಬರುತ್ತೇವೆ.